ಲಿಂಬೆಯ ಬೊಡ್ಡೆ ನೆನೆಯದಿರಲಿ

ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ಹಿತ್ತಲುಗಳಲ್ಲಿ ಬಚ್ಚಲ ನೀರನ್ನು ಲಿಂಬೆಯ ಬುಡಕ್ಕೇ ಬಿಡುವುದುಂಟು. ಎರೆಮಣ್ಣಿನಲ್ಲಿ ನೀರು ಬೇಗ ಇಂಗದು. ಬೊಡ್ಡೆ ಸದಾ ನೆನೆದರೆ ಮಣ್ಣಿನೊಳಗಿನ ಶಿಲೀಂಧ್ರವು ತೊಗಟೆಯನ್ನು ಕೊಳೆಸುತ್ತದೆ. ಅಂಟು ಸೋರಿ, ಫಲ ಕೊಡುವ ಗಿಡವೇ ಒಣಗೀತು.

ಆದ್ದರಿಂದ ಬೊಡ್ಡೆಯಿಂದ ಒಂದು ಅಡಿ ದೂರದಲ್ಲಿ ಸುತ್ತಲೂ ಒಂದು ಬದು, ಟೊಂಗೆಗಳ ನೆರಳು ಮುಗಿಯುವಲ್ಲಿ ಇನ್ನೊಂದು ಬದು ಹಾಕೋಣ. ನೀರು, ಗೊಬ್ಬರ ಇವೆರಡರ ನಡುವೆ ಮಾತ್ರ ಬೀಳಬೇಕು. ಉಣ್ಣುವ ಬೇರುಗಳು ಅಲ್ಲಿಯೇ ಹೆಚ್ಚು. ಮಳೆಗಾಲದ ಆರಂಭಕ್ಕೆ ಕಳಿತ ತಿಪ್ಪೆಗೊಬ್ಬರವನ್ನು ಮೇಲುಮಣ್ಣಿನಲ್ಲಿ ಬೆರೆಸಿರಿ. ಆಳವಾಗಿ ಅಗೆದರೆ ಬೇರು ಹರಿಯುತ್ತವೆ. ಮೇಲೆ ಕಬ್ಬಿನ ರವದಿ ಮುಚ್ಚಿದರೆ ತೇವ ಉಳಿಯುತ್ತದೆ.

ಅಂಟು ಕಂಡರೆ ಕೊಳೆತ ತೊಗಟೆಯನ್ನು ಕೆತ್ತಿ ತೆಗೆದು, 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 1 ಲೀಟರ್ ನೀರು ಸೇರಿಸಿದ ಬೋರ್ಡೋ ಮುಲಾಮು ಹಚ್ಚಿರಿ. ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು.