ಬಾಲಕ್ಕೊಂದು ಹಲಗೆ

ನವೆಂಬರ್ ಬಂತೆಂದರೆ ಅಮೆರಿಕದ ಉತ್ತರ ರಾಜ್ಯಗಳಲ್ಲಿ ಹಿತ್ತಿಲ ಮರದ ಕೊಂಬೆಗೆ ಒಂದು ತಂತಿಪಂಜರ ನೇತುಬೀಳುತ್ತದೆ. ಅಂಗೈಯಗಲದ ಚೌಕ ಪಂಜರ, ಅದರೊಳಗೆ ಸೋಪಿನ ಬಿಲ್ಲೆಯಂತೆ ಕೂತ ಕೊಬ್ಬಿನ ಅಚ್ಚು. ಇದೇ ಸೂಯೆಟ್. ದನದ ಮೂತ್ರಪಿಂಡದ ಸುತ್ತ ಕಟ್ಟಿಕೊಳ್ಳುವ ಗಟ್ಟಿ ಕೊಬ್ಬನ್ನು ಕರಗಿಸಿ, ಸೋಸಿ, ಕಡಲೆಕಾಯಿಬೀಜ, ಜೋಳದ ಹಿಟ್ಟು ಬೆರೆಸಿ ಅಚ್ಚು ಹೊಯ್ದದ್ದು. ಒಂದು ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಕಿಲೋಕ್ಯಾಲರಿ ಶಕ್ತಿಯಿದ್ದರೆ ಅಷ್ಟೇ ತೂಕದ ಪಿಷ್ಟದಲ್ಲಿ 4. ಹೆಪ್ಪುಗಟ್ಟಿಸುವ ದೀರ್ಘ ರಾತ್ರಿಯನ್ನು ಮೈಯ ಬಿಸಿ ಆರದಂತೆ ಕಳೆಯಬೇಕಾದ 25 ಗ್ರಾಂ ತೂಕದ ಹಕ್ಕಿಗೆ ಈ ವ್ಯತ್ಯಾಸ ಸಣ್ಣದಲ್ಲ. ಹಾಗಾಗಿ ಮರಕುಟಿಗಗಳು ಸೂಯೆಟ್ ಹುಡುಕಿ ಬರುತ್ತವೆ. ಕೊಳ್ಳಲು ಹೋದವರು ಸಾಮಾನ್ಯವಾಗಿ ಯಾವ ಅಚ್ಚು ಒಳ್ಳೆಯದು, ಹಣ್ಣು ಬೆರೆಸಿದ್ದೋ ಕಾಳು ಬೆರೆಸಿದ್ದೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಅದು ಎರಡನೆಯ ಪ್ರಶ್ನೆ. ಮೊದಲು ನೋಡಬೇಕಾದದ್ದು ಫೀಡರ್‌ನ ಆಕಾರ, ಮತ್ತು ಅದನ್ನು ಅಳೆಯಬೇಕಾದದ್ದು ಹಕ್ಕಿಯ ಕೊಕ್ಕಿನಿಂದಲ್ಲ, ಬಾಲದಿಂದ.

ಮರಕುಟಿಗ ಎಂದೊಡನೆ ನಮಗೆ ನೆನಪಾಗುವುದು ಕೊಕ್ಕು, ತೀರಾ ಆಸಕ್ತಿಯಿದ್ದರೆ ತಲೆಬುರುಡೆಯನ್ನು ಹಿಂದಿನಿಂದ ಬಳಸಿ ಬರುವ ಎಲುಬಿನ ಆಧಾರವಿರುವ ಉದ್ದ ನಾಲಿಗೆ. ಬಾಲದ ಮಾತು ಬರುವುದೇ ಇಲ್ಲ. ಆದರೆ ಕಾಂಡದ ಮೇಲೆ ಬಂದು ಕೂತ ಮರಕುಟಿಗವನ್ನು ಪಕ್ಕದಿಂದ ನೋಡಿದರೆ ಅದು ಕೂತಿರುವುದು ಮುಕ್ಕಾಲಿಯ ಹಾಗೆ: ಎರಡು ಪಾದ, ಜೊತೆಗೆ ತೊಗಟೆಗೆ ಒತ್ತಿಹಿಡಿದ ಬಾಲ. ಪ್ರತಿ ಪಾದದಲ್ಲೂ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಅಥವಾ ಪಕ್ಕಕ್ಕೆ ಚಾಚಿ ತೊಗಟೆಯನ್ನು ಕಚ್ಚಿಕೊಳ್ಳುತ್ತವೆ. ಬಾಲದ ನಡುವಿನ ಎರಡು ಗರಿಗಳ ದಂಟು ಗಡುಸಾಗಿ, ತುದಿ ಮೊನಚಾಗಿ, ಗೋಡೆಗೆ ಒರಗಿಸಿದ ಊರುಗೋಲಿನಂತೆ ಹಕ್ಕಿಯ ಭಾರವನ್ನು ಹೊರುತ್ತವೆ. ಈ ಎರಡು ಗರಿ ಎಷ್ಟು ಮುಖ್ಯವೆಂದರೆ, ಅನೇಕ ಹಕ್ಕಿಗಳು ಬಾಲದ ಗರಿಗಳನ್ನು ನಡುವಿನಿಂದಲೇ ಉದುರಿಸಲು ಶುರುಮಾಡಿದರೆ ಮರಕುಟಿಗ ಅಕ್ಕಪಕ್ಕದವನ್ನು ಮೊದಲು ಕಳಚಿ, ಹೊಸವು ಬೆಳೆದ ಮೇಲೆ ಮಾತ್ರ ನಡುವಿನ ಜೋಡಿಯನ್ನು ಬಿಡುತ್ತದೆ. ಊರುಗೋಲಿಲ್ಲದ ಒಂದು ವಾರವನ್ನೂ ಅದು ಒಪ್ಪುವುದಿಲ್ಲ ಎಂದಾಯಿತು.

ಈಗ ಆ ಅಂಗೈಯಗಲದ ಪಂಜರಕ್ಕೆ ಹಿಂತಿರುಗೋಣ. ಅದರ ತಂತಿಯನ್ನು ಹಿಡಿದ ಹಕ್ಕಿಯ ಬಾಲ ಗಾಳಿಯಲ್ಲಿರುತ್ತದೆ. ಪಂಜರ ಸರಪಳಿಯಿಂದ ನೇತಾಡುವುದರಿಂದ ಪ್ರತಿ ಕುಟುಕಿಗೂ ತೂಗುತ್ತದೆ. ಹಕ್ಕಿ ಬಾಲವನ್ನು ಒಳಕ್ಕೆ ಮಡಚಿ ಆಸರೆ ಹುಡುಕುತ್ತದೆ, ಸಿಗುವುದಿಲ್ಲ. ಇದಕ್ಕೆ ಪರಿಹಾರವಾಗಿ ಬಂದದ್ದು ಪಂಜರದ ಕೆಳಗೆ ಉದ್ದಕ್ಕೆ ಇಳಿಬಿದ್ದ ಹಲಗೆಯಿರುವ ಫೀಡರ್. ಮೇಲೆ ಕೊಬ್ಬು, ಕೆಳಗೆ ಬಾಲ ಊರಲು ಒರಟು ಮರ. ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಹಿತ್ತಿಲಿಗೆ ಅತಿ ಹೆಚ್ಚು ಬರುವ ಡೌನಿ ಮರಕುಟಿಗ ಯಾವ ಹಲಗೆಯೂ ಇಲ್ಲದ ಅಗ್ಗದ ಪಂಜರದಲ್ಲೂ ಆರಾಮವಾಗಿ ಜೋತಾಡಿ ತಿಂದು ಹೋಗುತ್ತದಲ್ಲ? ಹೌದು. ಡೌನಿ ಗುಬ್ಬಿಯಷ್ಟೇ ಹಗುರ, 21ರಿಂದ 28 ಗ್ರಾಂ. ಅದಕ್ಕೆ ಹಲಗೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಆದರೆ ಅದರ ಪಡಿಯಚ್ಚಿನಂತೆಯೇ ಕಾಣುವ ಹೇರಿ ಮರಕುಟಿಗ ಅದಕ್ಕಿಂತ ಎರಡು ಮೂರು ಪಟ್ಟು ಭಾರ. ಕಾಗೆಯಷ್ಟು ದೊಡ್ಡದಾದ, ಕೆಂಪು ಜುಟ್ಟಿನ ಪೈಲಿಯೇಟೆಡ್ ಅಂತೂ 250ರಿಂದ 350 ಗ್ರಾಂ ತೂಗುತ್ತದೆ. ತೂಕ ಏರಿದಂತೆ ಆಸರೆಯ ಬೆಲೆಯೂ ಏರುತ್ತದೆ. ಡೌನಿ ಬಂತೆಂಬ ಕಾರಣಕ್ಕೆ ಪಂಜರ ಸರಿಯಾಗಿದೆ ಎನ್ನುವುದು, ಮಗು ಕೂತಿತೆಂದು ಕುರ್ಚಿಯ ಗಟ್ಟಿತನವನ್ನು ಒಪ್ಪಿಕೊಂಡ ಹಾಗೆ. ಪೈಲಿಯೇಟೆಡ್ ಸುಳಿಯುವ ಕಾಡಂಚಿನ ಮನೆಯಾದರೆ ಹಲಗೆ ಬಾಲಕ್ಕಿಂತ ಉದ್ದವಿರಬೇಕು. ಸರಪಳಿಗಿಂತ ಕಂಬಕ್ಕೋ ಕಾಂಡಕ್ಕೋ ಬಿಗಿದರೆ ಇನ್ನೂ ಮೇಲು.

ತೊಡಕು ಶುರುವಾಗುವುದು ಸ್ಟಾರ್ಲಿಂಗ್‌ಗಳಿಂದ. ನಮ್ಮ ಗೊರವಂಕದ ದಾಯಾದಿಯಾದ ಈ ಯುರೋಪಿನ ಹಕ್ಕಿಯನ್ನು 1890ರಲ್ಲಿ ಯೂಜಿನ್ ಶೀಫೆಲಿನ್ ಎಂಬಾತ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಿಟ್ಟ, ಸುಮಾರು 60 ಹಕ್ಕಿ. ಇಂದು ಆ ಖಂಡದಲ್ಲಿ ಅವು ಕೋಟಿಗಟ್ಟಲೆ ಇವೆ. ಗುಂಪಾಗಿ ಬಂದರೆ ಒಂದು ಅಚ್ಚನ್ನು ಮಧ್ಯಾಹ್ನದೊಳಗೆ ಮುಗಿಸುತ್ತವೆ. ಮರಕುಟಿಗ ಕೊರೆದ ಪೊಟರೆಯನ್ನೂ ಕಿತ್ತುಕೊಳ್ಳುವ ಹಕ್ಕಿಗೆ ಅದರ ಊಟವನ್ನೂ ಕೊಟ್ಟು ಸಾಕುವುದೆಂದರೆ ಹೊಟ್ಟೆ ಉರಿಯುವ ವಿಷಯವೇ. ಇದನ್ನು ತಡೆಯಲು ತಲೆಕೆಳಗಾದ ಫೀಡರ್ ಇದೆ: ಮೇಲೆ ಮಾಡು, ಕೊಬ್ಬು ಸಿಗುವುದು ಅಡಿಯಿಂದ ಮಾತ್ರ. ಕೊಂಬೆಯ ತಳಭಾಗದಲ್ಲಿ ಹುಳು ಹುಡುಕಿ ಅಭ್ಯಾಸವಿರುವ ಡೌನಿ, ಹೇರಿ ಜೋತುಬಿದ್ದು ತಿನ್ನುತ್ತವೆ. ಹುಲ್ಲಿನ ಮೇಲೆ ನಡೆದಾಡಿ, ನೆಲಕ್ಕೆ ಕೊಕ್ಕು ಚುಚ್ಚಿ ಬಾಯಿ ತೆರೆದು ಮಣ್ಣನ್ನು ಸೀಳುವ ಸ್ಟಾರ್ಲಿಂಗ್‌ಗೆ ಆ ಭಂಗಿ ಒಗ್ಗುವುದಿಲ್ಲ. ಹಸಿವು ಹೆಚ್ಚಾದರೆ ಕೆಲವು ಕಲಿಯುತ್ತವೆ, ನಿಜ, ಆದರೆ ಹಾರಿ ಹಾರಿ ಒಂದೊಂದು ಚೂರು ಕೀಳುವುದಕ್ಕೂ ಗುಂಪುಕಟ್ಟಿ ಉಣ್ಣುವುದಕ್ಕೂ ವ್ಯತ್ಯಾಸವಿದೆ.

ಗಮನಿಸಬೇಕಾದದ್ದೇನೆಂದರೆ, ಈ ಎರಡು ಉಪಾಯಗಳು ಒಂದಕ್ಕೊಂದು ವಿರುದ್ಧ. ಬಾಲಕ್ಕೆ ಆಸರೆ ಕೊಟ್ಟರೆ ಸ್ಟಾರ್ಲಿಂಗ್‌ಗೂ ಬಾಗಿಲು ತೆರೆದಂತೆ. ಸ್ಟಾರ್ಲಿಂಗ್‌ಗೆ ಬಾಗಿಲು ಮುಚ್ಚಿದರೆ ಬಾಲದ ಆಸರೆ ಹೋಗುತ್ತದೆ, ಭಾರದ ಮರಕುಟಿಗಗಳು ಒದ್ದಾಡುತ್ತವೆ. ಪಂಜರದ ಸುತ್ತ ಇನ್ನೊಂದು ದೊಡ್ಡ ಪಂಜರವಿರುವ ಮಾದರಿಯನ್ನು ಅಂಗಡಿಯವರು ಮಧ್ಯದ ದಾರಿಯೆಂದು ಮುಂದಿಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಅದರ ಕಂಡಿಯಲ್ಲಿ ಡೌನಿ ತೂರುತ್ತದೆ, ಸ್ಟಾರ್ಲಿಂಗ್ ತೂರುವುದಿಲ್ಲ, ಜೊತೆಗೆ ಸ್ಟಾರ್ಲಿಂಗ್‌ನಷ್ಟೇ ಗಾತ್ರದ ಹೇರಿಯೂ ತೂರುವುದಿಲ್ಲ. ಹಾಗಾಗಿ ಆಯ್ಕೆ ಊರಿನ ಮೇಲೆ ನಿಲ್ಲುತ್ತದೆ. ಹುಲ್ಲುಹಾಸು, ವಾಹನ ನಿಲ್ದಾಣಗಳ ನಡುವಿನ ಬಡಾವಣೆಯಲ್ಲಿ ತಲೆಕೆಳಗಾದದ್ದು. ಮರ ದಟ್ಟವಾಗಿದ್ದು ಸ್ಟಾರ್ಲಿಂಗ್ ಅಪರೂಪವಾದ ಕಡೆ ಉದ್ದ ಹಲಗೆಯದ್ದು. ಗೊತ್ತಿಲ್ಲದಿದ್ದರೆ ಹಲಗೆಯಿಂದ ಆರಂಭಿಸಿ, ಗುಂಪು ಕಂಡ ದಿನ ಬದಲಾಯಿಸಬಹುದು.

ಕಾಡುಹಕ್ಕಿಗೆ ಮೇವಿಟ್ಟು ಸೋಮಾರಿ ಮಾಡುವುದೇಕೆ ಎಂಬ ಪ್ರಶ್ನೆ ಹಳೆಯದು. ಮರಕುಟಿಗಗಳ ಜೊತೆಗೇ ಫೀಡರ್‌ಗೆ ಬರುವ ಚಿಕಡೀ ಎಂಬ ಪುಟ್ಟ ಹಕ್ಕಿಗಳನ್ನು ವಿಸ್ಕಾನ್ಸಿನ್‌ನಲ್ಲಿ ಮಾರ್ಗರೆಟ್ ಬ್ರಿಟಿಂಗಮ್ ಮತ್ತು ಸ್ಟ್ಯಾನ್ಲಿ ಟೆಂಪಲ್ ಅಧ್ಯಯನ ಮಾಡಿದರು. 1988ರಲ್ಲಿ ಪ್ರಕಟವಾದ ಅವರ ವರದಿಯಂತೆ ಮೇವು ಸಿಕ್ಕ ಹಕ್ಕಿಗಳಲ್ಲಿ ಶೇ. 69 ಚಳಿಗಾಲವನ್ನು ದಾಟಿದವು, ಸಿಗದವುಗಳಲ್ಲಿ ಶೇ. 37. ಅಂತರ ಕಂಡದ್ದು ಮುಖ್ಯವಾಗಿ ಕಡುಚಳಿಯ ತಿಂಗಳುಗಳಲ್ಲಿ. ಮುಂದೆ, ವರ್ಷಗಟ್ಟಲೆ ಮೇವುಂಡ ಹಕ್ಕಿಗಳಿಂದ ಫೀಡರ್ ಕಿತ್ತುಕೊಂಡು ನೋಡಿದಾಗ ಅವು ಫೀಡರನ್ನೇ ಕಾಣದ ಹಕ್ಕಿಗಳಷ್ಟೇ ಚೆನ್ನಾಗಿ ಬದುಕಿದವು. ಸೋಮಾರಿತನದ ವಾದ ಇಲ್ಲಿಗೆ ಸಡಿಲವಾಗುತ್ತದೆ. ಇನ್ನೊಂದು ಆಕ್ಷೇಪ ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಕಾಡುಗಳಲ್ಲಿ ಚಳಿಗಾಲದಲ್ಲಿ ಕೊಬ್ಬು ಒದಗಿಸಿದ ಕಡೆ ನೀಲಿ ಟಿಟ್ ಹಕ್ಕಿಗಳ ಮುಂದಿನ ವಸಂತದ ಸಂತಾನ ಇಳಿಮುಖವಾಗಿತ್ತು ಎಂದು 2013ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಬಲಹೀನ ಹಕ್ಕಿಗಳೂ ಚಳಿಗಾಲ ದಾಟಿ ಗೂಡು ಕಟ್ಟಿದ್ದು ಒಂದು ಕಾರಣವಿರಬಹುದು, ಬರೀ ಕೊಬ್ಬಿನ ಆಹಾರದ ಕೊರತೆ ಇನ್ನೊಂದಿರಬಹುದು. ಟಿಟ್ ಮರಕುಟಿಗವಲ್ಲ. ಆದರೂ ಕೊಬ್ಬನ್ನು ಕಡುಚಳಿಯ ಊಟವಾಗಿ ಮಾತ್ರ ಇಡುವುದು, ವಸಂತದಲ್ಲಿ ಹುಳುಗಳು ಹೊರಬಂದಾಗ ಪಂಜರ ತೊಳೆದು ಒಳಗಿಡುವುದು ಜಾಣತನ. ಬೇಸಗೆಯಲ್ಲಿ ಹೇಗೂ ಅದು ಮೆತ್ತಗಾಗಿ ಕಮಟು ಹಿಡಿಯುತ್ತದೆ. ಎದೆಗರಿಗೆ ಅಂಟಿದ ಜಿಡ್ಡು ಗರಿಯ ನೀರುತಡೆಯುವ ಗುಣವನ್ನೇ ಕೆಡಿಸುತ್ತದೆ.

ನ್ಯೂಜೆರ್ಸಿಯಲ್ಲೋ ಮಿಷಿಗನ್‌ನಲ್ಲೋ ನೆಲೆಸಿದ ಕನ್ನಡದ ಸಸ್ಯಾಹಾರಿ ಮನೆಗಳಿಗೆ ದನದ ಕೊಬ್ಬೆಂಬುದೇ ದೊಡ್ಡ ತೊಡಕು, ಫ್ರಿಜ್ಜಿನಲ್ಲಿಡುವುದು ಹಾಗಿರಲಿ, ಮುಟ್ಟಲೂ ಮನಸ್ಸು ಬಾರದು. ಅವರಿಗೆ ಉಪ್ಪು ಹಾಕದ ಕಡಲೆಕಾಯಿಬೀಜ ಸಾಕು. ಬೀಜ ಒಂದೊಂದಾಗಿ ಕೀಳಲು ಬರುವಂಥ ತಂತಿಬಲೆಯ ಕೊಳವೆಯನ್ನು ಹಲಗೆಗೆ ಬಿಗಿದರೆ ಮರಕುಟಿಗ ಬಂದೇ ಬರುತ್ತದೆ. ಬೀಜದ ಅರ್ಧ ಭಾಗ ಎಣ್ಣೆಯೇ ತಾನೆ. ಅಳಿಲಿನ ಕಾಟವಿದ್ದರೆ ಮೆಣಸಿನಕಾಯಿಯ ಖಾರ ಬೆರೆಸಿದ ಅಚ್ಚುಗಳಿವೆ. ಹಕ್ಕಿಗಳ ನರಗಳ ಗ್ರಾಹಕಕ್ಕೆ ಮೆಣಸಿನ ಕ್ಯಾಪ್ಸೈಸಿನ್ ತಗಲುವುದಿಲ್ಲ, ಅಳಿಲಿಗೆ ತಗಲುತ್ತದೆ. ಗಿಳಿ ಮೆಣಸಿನಕಾಯಿ ತಿಂದು ಸುಮ್ಮನಿರುವುದನ್ನು ಕಂಡವರಿಗೆ ಇದು ಹೊಸ ಸುದ್ದಿಯಲ್ಲ.

ಇದನ್ನೆಲ್ಲ ಓದಿ ಶಿರಸಿಯಲ್ಲೋ ಮೈಸೂರಿನಲ್ಲೋ ಕೊಬ್ಬಿನ ಪಂಜರ ತೂಗುಹಾಕುವುದು ಬೇಡ. ನಮ್ಮ ಮಾರ್ಚ್ ಬಿಸಿಲಿಗೆ ಅದು ಸೋರಿ ಇರುವೆಗಳ ಪಾಲಾಗುತ್ತದೆ, ಮತ್ತು ಇಲ್ಲಿನ ಹಕ್ಕಿಗೆ ಹಿಮದ ರಾತ್ರಿಯ ಹಂಗೂ ಇಲ್ಲ. ಬಾಲ ಊರಲು ಹಲಗೆ ಬೇಕೆನ್ನುವ ಹಕ್ಕಿಗೆ ಹಿತ್ತಿಲ ಮೂಲೆಯಲ್ಲಿ ಒಣಗಿ ನಿಂತ ಹಲಸಿನ ಬೊಡ್ಡೆಯೇ ಹಲಗೆ, ಅದರೊಳಗಿನ ಕೊರಕ ಹುಳುವೇ ಕೊಬ್ಬು. ನಮ್ಮ ಕಂದು ಮರಕುಟಿಗವಂತೂ ಒಂದು ಹೆಜ್ಜೆ ಮುಂದೆ ಹೋಗಿದೆ: ಮರದಲ್ಲಿ ಇರುವೆಗಳು ಕಟ್ಟಿದ ಚೆಂಡಿನಂಥ ಗೂಡನ್ನೇ ಕೊರೆದು, ಇರುವೆಗಳು ಒಳಗಿರುವಾಗಲೇ, ಅಲ್ಲೇ ಮೊಟ್ಟೆಯಿಡುತ್ತದೆ.