ಹುಟ್ಟುಹಬ್ಬದ ಕರೆಯೋಲೆಯೂ ಉಡುಗೊರೆಯ ಸೂಚನೆಯೂ

ಮಕ್ಕಳ ಹುಟ್ಟುಹಬ್ಬವೆಂಬುದು ನಮ್ಮ ಮನೆಗಳಿಗೆ ಹೊಸದಲ್ಲ. ಜನ್ಮನಕ್ಷತ್ರದ ದಿನ ಮಗುವಿಗೆ ಎಣ್ಣೆಯೊತ್ತಿ ನೀರೆರೆದು, ಹೊಸ ಬಟ್ಟೆಯನ್ನುಡಿಸಿ, ಆರತಿಯೆತ್ತಿ, ನೆರೆಹೊರೆಯವರಿಗೆ ಪಾಯಸವನ್ನು ಹಂಚುತ್ತಿದ್ದುದನ್ನು ನಮ್ಮ ವಾಚಕರಲ್ಲಿ ಹಿರಿಯರಾದವರು ಕಂಡೇ ಇರುವರು. ಆಗ ಕರೆಯೋಲೆಯ ಮಾತೇ ಇರಲಿಲ್ಲ. ಮನೆಯ ಹುಡುಗಿಯೊಬ್ಬಳು ಬಾಗಿಲಿಗೆ ಬಂದು ಕರೆದರೆ ಅದೇ ಕರೆ. ಈಗಲಾದರೋ ಮಗುವಿನ ತರಗತಿಯವರೆಲ್ಲರಿಗೂ ವಾಟ್ಸ್‌ಆ್ಯಪ್ ಮೂಲಕ ಒಂದೇ ಗಳಿಗೆಯಲ್ಲಿ ಬಣ್ಣಬಣ್ಣದ ಓಲೆ ತಲಪುವುದು. ಇದರಲ್ಲಿ ನಾವು ದೋಷವನ್ನೆಣಿಸುವುದಿಲ್ಲ. ಆದರೆ ಆ ಓಲೆಯ ಕೊನೆಯಲ್ಲಿ ಇತ್ತೀಚೆಗೆ ಸೇರಿಕೊಂಡಿರುವ ಸಾಲೊಂದರ ವಿಷಯದಲ್ಲಿ ಗೃಹಸ್ಥರೊಡನೆ ನಾಲ್ಕು ಮಾತನ್ನಾಡಬೇಕಾಗಿದೆ.

ಆ ಸಾಲು ಮೂರು ವಿಧವಾಗಿ ಕಾಣಬರುವುದು. ಕೆಲವರು “ಉಡುಗೊರೆ ಬೇಡ, ಆಶೀರ್ವಾದವಿರಲಿ” ಎಂದು ಬರೆಯುವರು. ಕೆಲವರು “ಮಗುವಿಗೆ ಇಂತಿಂಥವು ಪ್ರಿಯ” ಎಂದು ಪಟ್ಟಿಯನ್ನು ಕೊಡುವರು. ಮತ್ತೆ ಕೆಲವರು ಹಣವನ್ನು ನೇರವಾಗಿ ಕಳುಹಿಸಲೆಂದು ಕ್ಯೂಆರ್ ಕೋಡನ್ನೇ ಅಚ್ಚುಮಾಡಿಸುವರು.

ಇತರರನ್ನು ಟೀಕಿಸುವುದಕ್ಕೆ ಮೊದಲು ನಮ್ಮ ತಪ್ಪನ್ನು ಹೇಳಿಬಿಡುವುದು ನ್ಯಾಯ. ಕಳೆದ ವರ್ಷ ನಮ್ಮ ಮನೆಯಿಂದಲೇ ಇಂತಹ ಓಲೆಯೊಂದು ಹೊರಟಿತು. ಮೊಮ್ಮಗಳಿಗೆ ಏಳು ವರ್ಷ ತುಂಬುವುದಿತ್ತು. ಅದರ ಹಿಂದಿನ ಸಲ ಒಂದೇ ತೆರನಾದ ಬಣ್ಣದ ಪೆಟ್ಟಿಗೆಗಳು ಐದು ಬಂದು, ಅವುಗಳಲ್ಲಿ ಮೂರು ಬೀರುವಿನಲ್ಲಿಯೇ ಒಣಗಿಹೋಗಿದ್ದುವು. ಆದಕಾರಣ ಸೊಸೆಯು ನಾಲ್ಕು ವಸ್ತುಗಳ ಹೆಸರನ್ನೂ ಅವು ದೊರೆಯುವ ಅಂಗಡಿಯ ವಿವರವನ್ನೂ ಓಲೆಯ ಕೆಳಗೆ ಸೇರಿಸಿ ನಮಗೆ ತೋರಿಸಿದಳು. ನಾವೂ ಓದಿ, “ಸರಿಯಾಗಿದೆ, ಯಾರ ಹಣವೂ ದಂಡವಾಗದು” ಎಂದು ಒಪ್ಪಿದೆವು. ಆ ನಾಲ್ಕರಲ್ಲಿ ಅತ್ಯಂತ ಅಗ್ಗದ ವಸ್ತುವಿನ ಬೆಲೆ 600 ರೂಪಾಯಿಗಳೆಂಬುದನ್ನು ನಾವು ಗಮನಿಸಲಿಲ್ಲ.

ಶಾಲೆಯಲ್ಲಿ ಮೊಮ್ಮಗಳ ಪಕ್ಕದಲ್ಲಿಯೇ ಕುಳಿತುಕೊಳ್ಳುವ ಹುಡುಗನೊಬ್ಬನುಂಟು. ಅವನ ತಾಯಿಯು ಬಟ್ಟೆ ಹೊಲಿದು ಸಂಸಾರವನ್ನು ನಡೆಸುವಾಕೆ. ಆ ದಿನ ಇಪ್ಪತ್ತು ಮಕ್ಕಳು ಬಂದರು, ಅವನು ಬರಲಿಲ್ಲ. ಜ್ವರವೆಂದು ತಾಯಿ ಹೇಳಿಕಳುಹಿಸಿದ್ದಳು. ಮರುದಿನ ಮೊಮ್ಮಗಳು ಶಾಲೆಯಿಂದ ಬಂದವಳೇ, “ತಾತ, ಅವನಿಗೆ ಜ್ವರವೇ ಬಂದಿರಲಿಲ್ಲವಂತೆ. ಬರುವ ತಿಂಗಳು ಅವರಮ್ಮ ಆ ಸಾಮಾನನ್ನು ಕೊಂಡುಕೊಡುತ್ತಾರಂತೆ. ಆಮೇಲೆ ನಮ್ಮ ಮನೆಗೆ ಬರಬಹುದೇ ಎಂದು ಕೇಳಿದ” ಎಂದಳು. ನಮಗೆ ಉತ್ತರವು ತೋಚಲಿಲ್ಲ. ನಾವು ಪಟ್ಟಿಯೆಂದು ಬರೆದುದನ್ನು ಆ ಮಗುವು ಪ್ರವೇಶದ ಶುಲ್ಕವೆಂದು ಓದಿಕೊಂಡಿತ್ತು. ಅದು ಓದಿದುದೇ ಸರಿಯಾದ ಅರ್ಥವೆಂದು ನಮಗೆ ಆಮೇಲೆ ಹೊಳೆಯಿತು.

ಕೊಡುಗೆಯೆಂಬುದು ಎಂದಿಗೂ ಹಗುರವಾದ ವಸ್ತುವಲ್ಲ. ಫ್ರಾನ್ಸ್ ದೇಶದ ಸಮಾಜಶಾಸ್ತ್ರಜ್ಞನಾದ ಮಾರ್ಸೆಲ್ ಮಾಸ್ ಎಂಬಾತನು 1925ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ, ಕೊಡುವುದು, ಸ್ವೀಕರಿಸುವುದು, ಹಿಂದಿರುಗಿಸುವುದು ಎಂಬ ಮೂರು ಕಟ್ಟುಪಾಡುಗಳು ಕೊಡುಗೆಯಲ್ಲಿ ಅಡಗಿರುವುವೆಂದು ವಿವರಿಸಿದ್ದಾನೆ. ನಮ್ಮ ಹಳ್ಳಿಗಳವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮದುವೆಯಲ್ಲಿ ಬಂದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಕೊಟ್ಟವರ ಮನೆಯ ಶುಭಕಾರ್ಯದಲ್ಲಿ ತಪ್ಪದೆ ಹಿಂದಿರುಗಿಸುವ ರೂಢಿ ನಮ್ಮಲ್ಲಿದೆ. ಅದೇ ಮುಯ್ಯಿ ಎಂಬ ಶಬ್ದವು ಹಗೆ ತೀರಿಸಿಕೊಳ್ಳುವುದಕ್ಕೂ ಸಲ್ಲುವುದನ್ನು ನೋಡಿದರೆ, ಈ ಋಣವು ಎಷ್ಟು ಭಾರವಾದುದೆಂದು ಹಿರಿಯರು ಬಲ್ಲವರಾಗಿದ್ದರೆಂಬುದು ಸ್ಪಷ್ಟವಾಗುವುದು. ಆದರೆ ಮುಯ್ಯಿಯ ಪುಸ್ತಕವನ್ನು ಕೊಟ್ಟ ಮೇಲೆ ಬರೆಯುತ್ತಿದ್ದರೇ ಹೊರತು, ಕೊಡುವುದಕ್ಕೆ ಮುಂಚೆ ಬರೆದು ಕಳುಹಿಸುತ್ತಿರಲಿಲ್ಲ.

ಪಟ್ಟಿಯ ಪದ್ಧತಿಯು ಪಶ್ಚಿಮದಿಂದ ಬಂದುದು, ಅಲ್ಲಿಯವರಿಗಿಲ್ಲದ ಸಂಕೋಚ ನಮಗೇಕೆ ಎಂದು ಕೆಲವರು ಕೇಳಬಹುದು. ಅಮೆರಿಕದ ಷಿಕಾಗೋ ನಗರದ ಮಾರ್ಷಲ್ ಫೀಲ್ಡ್ ಎಂಬ ದೊಡ್ಡ ಅಂಗಡಿಯು 1924ರಲ್ಲಿ ಮದುವಣಗಿತ್ತಿಯರ ಪಟ್ಟಿಯ ಏರ್ಪಾಟನ್ನು ಆರಂಭಿಸಿತು. ಅದು ಹೊಸದಾಗಿ ಸಂಸಾರ ಹೂಡುವವರಿಗೆ ಪಾತ್ರೆಪಡಗಗಳು ಎರಡೆರಡು ಬಾರದಿರಲೆಂದು ಹುಟ್ಟಿದ್ದು. ಆದರೂ ಆ ಪಟ್ಟಿಯ ಸುದ್ದಿಯನ್ನು ಮದುವೆಯ ಓಲೆಯಲ್ಲಿಯೇ ಅಚ್ಚುಹಾಕಿಸುವುದು ಅಲ್ಲಿಯ ಶಿಷ್ಟಾಚಾರಕ್ಕೆ ಸಮ್ಮತವಲ್ಲ. ಕೇಳಿದವರಿಗೆ ಬಂಧುಗಳು ಬಾಯಿಮಾತಿನಲ್ಲಿ ತಿಳಿಸುವುದೇ ಅಲ್ಲಿಯ ಮರ್ಯಾದೆ. ಪಟ್ಟಿ ಹುಟ್ಟಿದ ನಾಡಿನಲ್ಲಿಯೇ ಓಲೆಯನ್ನೂ ಪಟ್ಟಿಯನ್ನೂ ಬೇರೆಬೇರೆಯಾಗಿ ಇರಿಸಿರುವಾಗ ನಾವು ಎರಡನ್ನೂ ಬೆರಸುವುದು ಉಚಿತವೆ?

ಹಾಗೆಂದು ತಾಯಂದಿರ ತೊಂದರೆಯನ್ನು ನಾವು ಅಲ್ಲಗಳೆಯುವುದಿಲ್ಲ. ಬೇಡದ ವಸ್ತುಗಳು ರಾಶಿಬೀಳುವುದೂ, ಕೊಟ್ಟವರ ಹಣ ಹಾಳಾಗುವುದೂ ನಿಜ. ಇದಕ್ಕೆ ಹಿತವಾದ ದಾರಿಗಳಿವೆ.

ಮೊದಲನೆಯದಾಗಿ, ಕರೆಯೋಲೆಯಲ್ಲಿ ದಿನ, ವೇಳೆ, ಸ್ಥಳಗಳು ಮಾತ್ರವಿರಲಿ. ಕರೆಯುವುದು ಜನರನ್ನು, ವಸ್ತುಗಳನ್ನಲ್ಲ.

ಎರಡನೆಯದಾಗಿ, ಯಾರಾದರೂ ತಾವಾಗಿ “ಮಗುವಿಗೆ ಏನು ತರೋಣ?” ಎಂದು ಕೇಳಿದರೆ “ಏನೂ ಬೇಡ” ಎಂದು ಬಾಯಿಮುಚ್ಚಿಸುವುದೂ ಸರಿಯಲ್ಲ, ಅದು ಕೇಳಿದವರನ್ನು ಮತ್ತಷ್ಟು ಚಿಂತೆಗೀಡುಮಾಡುವುದು. ಆಗ ಎರಡು ಮೂರು ಸೂಚನೆಗಳನ್ನು ಕೊಡಬಹುದು. ಅವುಗಳಲ್ಲಿ ಒಂದಾದರೂ ಅಲ್ಪ ಬೆಲೆಯದಾಗಿರಲಿ. ಒಂದು ಕಥೆಯ ಪುಸ್ತಕ, ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ, ಒಂದು ಹೂವಿನ ಗಿಡ, ಇವು ಯಾರ ಕೈಗೂ ಭಾರವಾಗಲಾರವು. ಬಟ್ಟೆಯನ್ನು ತರುವೆವೆಂದವರಿಗೆ ಅಳತೆಯನ್ನು ಹೇಳುವುದು ಉಪಕಾರವೇ ಸರಿ.

ಮೂರನೆಯದಾಗಿ, ಮಗುವಿನ ಕ್ಷೇಮಕ್ಕೆ ಸಂಬಂಧಪಟ್ಟುದನ್ನು ಹೇಳಲು ಸಂಕೋಚಪಡತಕ್ಕದ್ದಲ್ಲ. ಮನೆಯಲ್ಲಿ ಹಸುಗೂಸಿದ್ದರೆ, ಸಣ್ಣ ಬಿಡಿಭಾಗಗಳ ಆಟಿಕೆಗಳೂ ಗುಂಡಿಯಾಕಾರದ ಬ್ಯಾಟರಿಗಳುಳ್ಳವೂ ಬೇಡವೆಂದು ಕೇಳಿದವರಿಗೆ ತಿಳಿಸಬೇಕು. ಅಂತಹ ಬ್ಯಾಟರಿಯನ್ನು ಮಗು ನುಂಗಿದರೆ ಎರಡು ಗಂಟೆಗಳೊಳಗಾಗಿಯೇ ಅನ್ನನಾಳವು ಸುಟ್ಟು ಗಾಯವಾಗಬಹುದು. ಕೊಡುವವರೂ ಆಟಿಕೆಯ ಮೇಲೆ ಐಎಸ್‌ಐ ಮುದ್ರೆಯನ್ನು ನೋಡಿ ಕೊಳ್ಳುವುದು ಲೇಸು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಈ ಮುದ್ರೆಯು ಕಡ್ಡಾಯವಾಗಿದೆ.

ನಾಲ್ಕನೆಯದಾಗಿ, ಅಜ್ಜ ಅಜ್ಜಿ, ಸೋದರಮಾವ, ಚಿಕ್ಕಮ್ಮ ಮೊದಲಾದ ಹತ್ತಿರದವರೊಡನೆ ಮುಚ್ಚುಮರೆಯೇಕೆ? ಮಗುವಿಗೆ ಸೈಕಲು ಬೇಕಾಗಿದ್ದರೆ ಅವರು ಕೂಡಿ ಒಂದನ್ನು ಕೊಂಡುಕೊಡಲಿ. ಆದರೆ ಆ ಮಾತು ಮನೆಯೊಳಗಿನದು. ತರಗತಿಯ ಗುಂಪಿನಲ್ಲಿ ಆಡತಕ್ಕುದಲ್ಲ.

ಐದನೆಯದಾಗಿ, “ಉಡುಗೊರೆ ಬೇಡ” ಎಂದು ಬರೆದವರು ಆ ಮಾತಿಗೆ ತಾವೇ ಕಟ್ಟುಬೀಳಬೇಕು. ತಂದವರನ್ನು ಹೊಗಳಿ ತಾರದವರನ್ನು ಬರಿಯ ನಗೆಯಲ್ಲಿ ಕಳುಹಿಸಿದರೆ ಆ ಸಾಲು ಸುಳ್ಳಾಗುವುದು. ಆದರೂ ಒಬ್ಬರು ತಂದರೆ ಮರಳಿಸಿ ಅವಮಾನಪಡಿಸದೆ ಸ್ವೀಕರಿಸಿ ಒಳಗಿಡಬೇಕು. ಹಾಗೆಯೇ ಕರೆಸಿಕೊಂಡವರೂ ಆ ಮಾತನ್ನು ನಂಬಿ ಬರಿಗೈಯಲ್ಲಿ ಬರಲು ಕಲಿಯಬೇಕು. ಒಬ್ಬರು ಮಾತು ಮೀರಿ ದೊಡ್ಡ ಪೊಟ್ಟಣವನ್ನು ಹೊತ್ತು ತಂದರೆ ನಂಬಿ ಬಂದ ಹತ್ತು ಜನರು ನಾಚಿಕೆಪಡುವಂತಾಗುವುದು.

ಇನ್ನು ಕ್ಯೂಆರ್ ಕೋಡಿನ ವಿಷಯ. ಹಾಲಿನವನಿಗೂ ತರಕಾರಿಯವನಿಗೂ ಹಣ ಕೊಡಲು ಅದು ಬಹಳ ಅನುಕೂಲವಾದುದು. ಮಗುವಿನ ಹೆಸರಿನ ಪಕ್ಕದಲ್ಲಿ ಅದನ್ನು ಅಚ್ಚುಹಾಕಿಸಿದರೆ ಅತಿಥಿಯು ಗಿರಾಕಿಯಾಗುವನು. ಇದನ್ನು ನಾವು ಯಾವ ಕಾರಣಕ್ಕೂ ಒಪ್ಪಲಾರೆವು.

ಕೊನೆಯದಾಗಿ, ಪೊಟ್ಟಣಗಳನ್ನು ಬಂದವರೆದುರಿಗೆ ಬಿಚ್ಚಬಾರದು. ಎಲ್ಲರೂ ಹೋದ ಮೇಲೆ ಬಿಚ್ಚಿ, ಯಾರು ಏನು ಕೊಟ್ಟರೆಂದು ಬರೆದಿಟ್ಟು, ಮಗುವಿನ ಕೈಯಿಂದಲೇ ಒಬ್ಬೊಬ್ಬರಿಗೂ ಎರಡು ಸಾಲಿನ ವಂದನೆಯನ್ನು ಬರೆಯಿಸಬೇಕು. ಬೆಲೆಯ ಮಾತನ್ನು ಮಗುವಿನ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು ತಾಯಿತಂದೆಗಳ ಕರ್ತವ್ಯ. ಸ್ನೇಹಿತರನ್ನು ಅವರ ಪೊಟ್ಟಣದ ಗಾತ್ರದಿಂದ ಅಳೆಯುವುದನ್ನು ಏಳನೆಯ ವಯಸ್ಸಿನಲ್ಲಿ ಕಲಿತ ಮಗುವು ಅದನ್ನು ಬೇಗನೆ ಮರೆಯಲಾರದು.

ನಮ್ಮ ಮನೆಯ ಸಂಗತಿ ಹೇಗೆ ಮುಗಿಯಿತೆಂದು ವಾಚಕರು ಕೇಳಬಹುದು. ಆ ಸಂಜೆಯೇ ಸೊಸೆಯು ಮೊಮ್ಮಗಳನ್ನು ಕರೆದುಕೊಂಡು, ಒಂದು ಡಬ್ಬಿಯಲ್ಲಿ ಸಿಹಿಯನ್ನಿರಿಸಿಕೊಂಡು ಆ ಹುಡುಗನ ಮನೆಗೆ ಹೋಗಿಬಂದಳು. ಜ್ವರದ ಮಾತನ್ನು ಇಬ್ಬರು ತಾಯಂದಿರೂ ಎತ್ತಲಿಲ್ಲವಂತೆ. ಈ ವರ್ಷದ ಓಲೆಯಲ್ಲಿ ದಿನ, ವೇಳೆ, ಸ್ಥಳಗಳು ಮಾತ್ರ ಇದ್ದುವು. ಹುಡುಗನು ಎಲ್ಲರಿಗಿಂತಲೂ ಮೊದಲು ಬಂದನು. ತಾಯಿಯು ತುಂಡುಬಟ್ಟೆಗಳನ್ನು ಜೋಡಿಸಿ ಹೊಲಿದುಕೊಟ್ಟಿದ್ದ ಚೀಲವೊಂದು ಅವನ ಕೈಯಲ್ಲಿತ್ತು. ಮೊಮ್ಮಗಳು ಈಗ ಅದರಲ್ಲಿಯೇ ಗ್ರಂಥಾಲಯದ ಪುಸ್ತಕಗಳನ್ನು ತರುತ್ತಾಳೆ. ಬಣ್ಣದ ಪೆಟ್ಟಿಗೆಗಳು ಈ ಸಲವೂ ಮೂರು ಬಂದುವು. ಬರಲಿ.