ಇಲ್ಲಿ ಬರೆದ ಹೆಸರು ಅಲ್ಲಿ ಯಾಕೆ ಕಾಣುವುದಿಲ್ಲ?

ಕಲ್ಯಾಣದುರ್ಗ: ಖಾತೆ ಬದಲಾಗಿದೆ ಎಂದು ಕಚೇರಿಯ ಕಂಪ್ಯೂಟರ್ ತೋರಿಸುತ್ತದೆ. ಸೇವಾ ಕೇಂದ್ರದಲ್ಲಿ ತೆಗೆದ ಪ್ರತಿಯಲ್ಲಿ ಮಾತ್ರ ತೀರಿಹೋದ ಅಪ್ಪನ ಹೆಸರೇ ಇದೆ ಎಂದಿಟ್ಟುಕೊಳ್ಳಿ. ಆ ಪ್ರತಿಗೆ ಬ್ಯಾಂಕಿನಲ್ಲಿ ಬೆಳೆಸಾಲ ಹುಟ್ಟುವುದಿಲ್ಲ. ಕೇಳಿದರೆ 'ಸರ್ವರ್ ಪ್ರಾಬ್ಲಂ' ಎಂಬ ಉತ್ತರ. ಹೀಗಾಗಲು ಒಂದು ಕಾರಣ, ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಖಲೆ ನಕಲಾಗುವ ಕೆಲಸ ನಡುವೆ ನಿಂತಿರುವುದು. ಇದಕ್ಕೆ ರೆಪ್ಲಿಕೇಷನ್ ಎನ್ನುತ್ತಾರೆ.

ಮೊದಲಿಗೆ ಗಡಿಯವರ ಒಂದು ತಪ್ಪು ತಿಳಿವಳಿಕೆ. ಪಾವಗಡದ ಕಡೆಯ ಹೊಲಕ್ಕೆ ಪಹಣಿ, ಕಲ್ಯಾಣದುರ್ಗದ ಕಡೆಯದಕ್ಕೆ ಅಡಂಗಲ್ ಮತ್ತು ವನ್-ಬಿ. ಕರ್ನಾಟಕದ 'ಭೂಮಿ'ಯೇ ಬೇರೆ, ಆಂಧ್ರದಲ್ಲಿ 2015ರಲ್ಲಿ ಬಂದ 'ಮೀ ಭೂಮಿ'ಯೇ ಬೇರೆ. ಒಂದು ಇನ್ನೊಂದರ ನಕಲಲ್ಲ. ಅಲ್ಲಿ ಮಾಡಿಸಿದ್ದು ಇಲ್ಲಿಗೆ ತಾನಾಗಿ ಬರುವುದಿಲ್ಲ, ಎಷ್ಟು ದಿನ ಕಾದರೂ ಬರುವುದಿಲ್ಲ. 'ಭೂಮಿ' ಶುರುವಾದಾಗ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಇದ್ದವು. ದಾಖಲೆ ಒಂದು ಕಡೆ, ಪ್ರತಿ ಕೊಡುವುದು ಇನ್ನೊಂದು ಕಡೆ ಆದಾಗ ನಕಲಿನ ಪ್ರಶ್ನೆ ಏಳುತ್ತದೆ.

ಈ ಕೆಲಸ ಹೇಗೆ ನಡೆಯುತ್ತದೆಂದು ತಿಳಿಯಲು ಲಿನಕ್ಸ್ ಸರ್ವರುಗಳಲ್ಲಿ ಬಹಳ ಬಳಕೆಯಲ್ಲಿರುವ ಮೈಎಸ್‌ಕ್ಯುಎಲ್ ನೋಡೋಣ. ಅಂಗಡಿಯವರಿಗೆ ಕಿರ್ದಿ ಮತ್ತು ಖಾತೆ ಗೊತ್ತು. ಮೂಲ ಸರ್ವರ್ ಪ್ರತಿಯೊಂದು ಬದಲಾವಣೆಯನ್ನೂ ಬೈನರಿ ಲಾಗ್ ಎಂಬ ಕಿರ್ದಿಯಲ್ಲಿ ಸಾಲಾಗಿ ಬರೆಯುತ್ತದೆ. ನಕಲು ಸರ್ವರಿನಲ್ಲಿ ಇಬ್ಬರು ಗುಮಾಸ್ತರಿದ್ದಾರೆನ್ನಿ. ಒಬ್ಬ ಆ ಕಿರ್ದಿಯನ್ನು ತರುತ್ತಾನೆ, ಇನ್ನೊಬ್ಬ ಅದನ್ನು ಓದಿ ತನ್ನ ಖಾತೆಗೆ ಏರಿಸುತ್ತಾನೆ. ಯಾವ ಗುಮಾಸ್ತ ನಿಂತಿದ್ದಾನೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಅದನ್ನು ತೋರಿಸುವ ಆಜ್ಞೆ 'ಶೋ ರೆಪ್ಲಿಕಾ ಸ್ಟೇಟಸ್'. ಹಳೆಯವರಿಗೆ ಗೊತ್ತಿದ್ದ 'ಶೋ ಸ್ಲೇವ್ ಸ್ಟೇಟಸ್' 2024ರ 8.4 ಆವೃತ್ತಿಯಿಂದ ನಡೆಯುವುದಿಲ್ಲ. ಐಒ, ಎಸ್‌ಕ್ಯುಎಲ್ ಎಂಬ ಎರಡು ಸಾಲಿನಲ್ಲೂ 'ಯೆಸ್' ಇರಬೇಕು.

ಐಒ ಸಾಲಿನಲ್ಲಿ 'ಕನೆಕ್ಟಿಂಗ್' ಎಂದೇ ನಿಂತಿದ್ದರೆ ತರುವವನಿಗೆ ದಾರಿ ಸಿಕ್ಕಿಲ್ಲ. ಫೈರ್‌ವಾಲ್ 3306ನೇ ಪೋರ್ಟನ್ನು ತಡೆದಿರಬಹುದು, ಪಾಸ್‌ವರ್ಡ್ ತಪ್ಪಿರಬಹುದು, ಅಥವಾ ಮೂಲ ಸರ್ವರಿನ 'ಬೈಂಡ್ ಅಡ್ರೆಸ್' 127.0.0.1 ಆಗಿದ್ದು ಅದು ಹೊರಗಿನವರ ಮಾತನ್ನೇ ಕೇಳದಿರಬಹುದು. 'ನೋ' ಎಂದಿದ್ದರೆ ಎರಡೂ ಯಂತ್ರಕ್ಕೆ ಒಂದೇ 'ಸರ್ವರ್ ಐಡಿ' ಕೊಟ್ಟಿದ್ದಾರೆಯೇ ನೋಡಬೇಕು. ಡಿಸ್ಕನ್ನೇ ನಕಲು ಮಾಡಿ ಎರಡನೇ ಯಂತ್ರ ಕಟ್ಟಿದ್ದರೆ 'ಆಟೋ.ಸಿಎನ್‌ಎಫ್' ಕಡತದ ಗುರುತೂ ಒಂದೇ ಆಗಿರುತ್ತದೆ. ನಕಲು ಯಂತ್ರದಲ್ಲಿ ಆ ಕಡತ ತೆಗೆದು ಮತ್ತೆ ಚಾಲೂ ಮಾಡಿದರೆ ಹೊಸ ಗುರುತು ಹುಟ್ಟುತ್ತದೆ.

1236ನೇ ದೋಷ ಬಂದರೆ, ಬೇಕಾದ ಕಿರ್ದಿಯ ಪುಟವನ್ನೇ ಮೂಲ ಸರ್ವರ್ ಅಳಿಸಿರುವ ಸಾಧ್ಯತೆ ಹೆಚ್ಚು. 8.0 ಆವೃತ್ತಿಯಲ್ಲಿ ಸಾಮಾನ್ಯವಾಗಿ 30 ದಿನದ ಕಿರ್ದಿ ಉಳಿಯುತ್ತದೆ. ಯುಪಿಎಸ್ ಕೆಟ್ಟು ನಕಲು ಯಂತ್ರ ಅದಕ್ಕಿಂತ ಹೆಚ್ಚು ದಿನ ಮಲಗಿದ್ದರೆ ಮೊದಲಿನಿಂದ ಪೂರ್ತಿ ನಕಲು ಮಾಡದೆ ದಾರಿಯಿಲ್ಲ.

ಇವೆಲ್ಲ ಸರಿಹೋಗುವ ತೊಂದರೆಗಳು. ಅಪಾಯವಿರುವುದು 1062ರಲ್ಲಿ. ಖಾತೆಗೆ ಏರಿಸಲು ಹೋದಾಗ ಅದೇ ಸಂಖ್ಯೆಯ ಸಾಲು ಅಲ್ಲಿ ಮೊದಲೇ ಇದೆ ಎಂದರ್ಥ. ಸಾಮಾನ್ಯವಾಗಿ ಯಾರೋ ನಕಲು ಯಂತ್ರದಲ್ಲೇ ನೇರವಾಗಿ ಬರೆದಿರುತ್ತಾರೆ. ಹೊರಗೆ ಸರದಿ ಬೆಳೆದಿರುತ್ತದೆ, ಆಪರೇಟರ್ ಅವಸರದಲ್ಲಿ 'ಸ್ಕಿಪ್ ಕೌಂಟರ್' ಒತ್ತಿ ಆ ನಮೂದನ್ನು ದಾಟಿಸುತ್ತಾನೆ. ಎರಡೂ ಸಾಲು 'ಯೆಸ್' ಆಗುತ್ತವೆ, ವಿಳಂಬ ಸೊನ್ನೆ ತೋರಿಸುತ್ತದೆ, ಎಲ್ಲರಿಗೂ ಸಮಾಧಾನ. ದಾಟಿಸಿದ ನಮೂದು ಮಾತ್ರ ನಕಲಿನಲ್ಲಿ ತಾನಾಗಿ ಬರುವುದಿಲ್ಲ. ಅದು ಯಾರ ಖಾತೆಯೋ!

ಆದ್ದರಿಂದ ದೋಷದ ಸಂದೇಶ ಹೇಳುವ ಸಾಲನ್ನು ಎರಡೂ ಕಡೆ ತೆಗೆದು ಹೋಲಿಸಿ, ಯಾವುದು ನಿಜವೆಂದು ಖಚಿತಪಡಿಸಿಕೊಂಡೇ ಮುಂದೆ ಹೋಗಬೇಕು. ಆಮೇಲೆ 'ಸೂಪರ್ ರೀಡ್ ಓನ್ಲಿ' ಹಾಕಿದರೆ ನಕಲಿನಲ್ಲಿ ಯಾರೂ ಬರೆಯಲಾರರು. ಹಿಂದೆ ಸ್ಕಿಪ್ ಮಾಡಿದ್ದು ಗೊತ್ತಿದ್ದರೆ 'ಪಿಟಿ-ಟೇಬಲ್-ಚೆಕ್‌ಸಮ್' ಎಂಬ ಉಚಿತ ಸಾಧನದಿಂದ ಎರಡೂ ಖಾತೆಗಳನ್ನು ತಾಳೆ ನೋಡಬಹುದು.

ಅರ್ಜಿದಾರರ ಕೈಯಲ್ಲಿರುವುದು ಸ್ವೀಕೃತಿ ಚೀಟಿ. ಅರ್ಜಿಯ ಸಂಖ್ಯೆ, ತಾರೀಖು ಇದ್ದರೆ ಮೂಲದಲ್ಲಿ ಆ ನಮೂದನ್ನು ಹುಡುಕಿಸಬಹುದು. ಮೂಲದಲ್ಲಿ ಹೆಸರು ಸರಿಯಿದ್ದರೆ ಹೊಸ ಅರ್ಜಿ, ಹೊಸ ಶುಲ್ಕ ಬೇಡ. ನಕಲನ್ನು ಸರಿಪಡಿಸಿ ಎಂದು ಬರೆದುಕೊಟ್ಟರೆ ಸಾಕು.